ದೊಡ್ಡವ್ವ ಕೀಳದೆ ಬಿಟ್ಟ ತೊಗರಿ

ನನಗೆ ಕಸ ಕಂಡರೆ ಆಗುವುದಿಲ್ಲ. ಗಾಜಿಪುರದ ನಮ್ಮ ಮನೆಯ ಬಾಗಿಲಲ್ಲಿ ಯಾರಾದರೂ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ, ಬಂದವರೊಡನೆ ಆಡುತ್ತಿದ್ದ ಮಾತು ನಿಲ್ಲಿಸಿ ಹೋಗಿ ಅದನ್ನು ಜೋಡಿಸಿಟ್ಟು ಬರುತ್ತೇನೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಹೊಡೆದು ಹಾಕಿದ ಅಂಕಿ ಹೆಚ್ಚಿದ್ದರೆ ಲೆಕ್ಕ ಸರಿಯಿದ್ದರೂ ನೋಟುಬುಕ್ಕು ವಾಪಸು ಕೊಡುವವಳು ಎಂದು ನನ್ನ ಹೆಸರು. ಇಂಥವಳ ಕೈಗೆ ಒಂದು ಎಕರೆ ಹೊಲ ಸಿಕ್ಕರೆ ಏನಾಗಬಹುದೋ ಅದೇ ಆಯಿತು.

ಹೊಲ ಇರುವುದು ಕಮಲಾಪುರದಲ್ಲಿ. ಅಪ್ಪ ಹೋದ ಮೇಲೆ ಎಲ್ಲವನ್ನೂ ಅಣ್ಣನೇ ನೋಡಿಕೊಂಡಿದ್ದ. ನಾನು ಕೇಳಿದಾಗ ಮುಖ ಸಣ್ಣ ಮಾಡದೆ ರಸ್ತೆಗೆ ಹೊಂದಿದ ಒಂದು ಎಕರೆ ಮಸಾರಿ ನೆಲವನ್ನು ಬಿಟ್ಟುಕೊಟ್ಟ. ಕಲ್ಲು ಬೆರೆತ ಕೆಂಪು ಮಣ್ಣು, ಮಳೆ ಬಿದ್ದರೆ ನೀರು ನಿಲ್ಲುವುದಿಲ್ಲ. ಹಿಂದಿನ ವರ್ಷದವರೆಗೂ ಅಲ್ಲಿ ಅವನು ತೊಗರಿ ಬೆಳೆದಿದ್ದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುವವಳಿಗೆ ಮರವೇ ವಾಸಿ ಎಂದು ನಾನು ಶ್ರೀಗಂಧದ ಸಸಿ ಹಚ್ಚುತ್ತೇನೆ ಎಂದೆ. ಅಣ್ಣ ನಕ್ಕ.

“ಗಂಧದ ಗಿಡ ಅಂದ್ರ ನಿನ್ನ ಸಾಲಿ ಹುಡುಗ್ರಲ್ಲವ್ವಾ, ಬೈದ್ರ ಬೆಳಿಯಾಕ. ಇರ್ಲಿ, ಒಂದು ವರ್ಷ ನೋಡ್ತೀನಿ. ನಮ್ಮ ತೊಗರಿ ರಾಶಿ ಮುಗಿದ ಮ್ಯಾಲ ಬರ್ತೀನಿ. ಅರ್ಧ ಸಸಿ ಜೀವ ಹಿಡಿದಿದ್ರ ಹೊಲ ನಿನ್ನ ಕೈಯಾಗೇ ಇರ್ಲಿ. ಇಲ್ಲಾಂದ್ರ ನಾನೇ ತೊಗರಿ ಬಿತ್ತತೀನಿ, ನಿನ್ನ ಪಾಲಿನ ಬ್ಯಾಳಿ ಮನಿಗೆ ಕಳಸ್ತೀನಿ.”

ಒಪ್ಪಿದೆ. ಅವನು ಅನ್ಯಾಯದ ಮಾತೇನೂ ಆಡಿರಲಿಲ್ಲ. ಆದರೂ ಆ ಬೇಳೆಯ ಮಾತು ನನಗೆ ಚುಚ್ಚಿತು. ಚಿಕ್ಕಂದಿನಲ್ಲಿ ಆ ಹೊಲಕ್ಕೆ ನಾನು ಬುತ್ತಿ ಹೊತ್ತು ಹೋಗಿದ್ದೇನೆಯೇ ಹೊರತು ಒಂದು ಕಾಳು ಬಿತ್ತಿದವಳಲ್ಲ. ಈಗಲೂ ಮನೆಯಲ್ಲಿ ಕೂತು ಬೇಳೆ ಇಳಿಸಿಕೊಳ್ಳುವವಳಾಗಿ ಉಳಿಯುವುದು ನನಗೆ ಬೇಡವಾಗಿತ್ತು. ಆ ಒಂದು ಎಕರೆಯನ್ನು ನಾನೇ ಸಾಗು ಮಾಡಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ಬೇಸಿಗೆಯಲ್ಲಿ ಟ್ರ್ಯಾಕ್ಟರಿನಿಂದ ಆಳವಾಗಿ ಉಳುಮೆ ಮಾಡಿಸಿದೆ. ಹೊಲದ ತುಂಬ ಕರಕಿ ಹುಲ್ಲು ಮತ್ತು ಜೇಕು. ಕರಕಿಯನ್ನು ಕತ್ತರಿಸಿದರೆ ಒಂದು ತುಂಡು ನಾಲ್ಕು ಗಿಡವಾಗುತ್ತದೆ, ಜೇಕಿನ ಗಡ್ಡೆ ಒಂದು ಗೇಣು ಕೆಳಗೆ ಕೂತಿರುತ್ತದೆ. “ಮಣ್ಣು ತಿರುವಿ ಬಿಸಿಲಿಗೆ ಬಿಡು, ಅವಸರ ಮಾಡಬ್ಯಾಡ,” ಎಂದು ಅಣ್ಣ ಹೇಳಿದ. ಬಿಸಿಲಲ್ಲಿ ಸುಟ್ಟ ಬೇರುಗಳನ್ನು ಆಯ್ದು ಬದುವಿಗೆ ಹಾಕಲು ಒಬ್ಬರು ಬೇಕಾಗಿತ್ತು. ಅಣ್ಣನ ಹೊಲದಲ್ಲಿ ಮೊದಲಿನಿಂದಲೂ ಕೂಲಿ ಮಾಡಿಕೊಂಡಿದ್ದ ಒಬ್ಬ ಹಿರಿಯ ಹೆಂಗಸು ಬಂದಳು. ನಾನು ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕೋರು ಎನ್ನುತ್ತಿದ್ದಳು. ಇಬ್ಬರೂ ಕೂಡಿ ಬೇರು ಆಯ್ದೆವು. ಹತ್ತು ಅಡಿಗೊಂದರಂತೆ ಇಪ್ಪತ್ತು ಸಾಲು ಗುಂಡಿ ತೋಡಿಸಿದೆ, ಹಗ್ಗ ಹಿಡಿದು, ಅಳತೆ ತಪ್ಪದಂತೆ. ಗುಂಡಿ ತೋಡುವವರು ನನ್ನ ಹಗ್ಗವನ್ನು ನೋಡಿ ಒಳಗೊಳಗೇ ನಗುತ್ತಿದ್ದುದು ನನಗೆ ಗೊತ್ತಿತ್ತು.

ಮಳೆ ಹಿಡಿದ ಮೇಲೆ ತಾಜಸುಲ್ತಾನಪುರದ ಹತ್ತಿರದ ಒಂದು ನರ್ಸರಿಯಿಂದ ನಾಲ್ಕು ನೂರು ಸಸಿ ತಂದೆ. ಟೆಂಪೋದಿಂದ ಇಳಿಸಿ ಬದುವಿನ ಬೇವಿನ ಮರದ ಕೆಳಗೆ ಇಡಿಸಿ ನೋಡುತ್ತೇನೆ, ಒಂದೊಂದು ಪಾಕೀಟಿನಲ್ಲಿಯೂ ಗಂಧದ ಸಸಿಯ ಪಕ್ಕ ಹೊನಗೊನ್ನೆ ಸೊಪ್ಪು ಹಬ್ಬಿದೆ. ನರ್ಸರಿಯವನು ಗಾಡಿ ತುಂಬುವಾಗಲೇ, “ಆ ಸೊಪ್ಪು ಇರ್ಲಿರಿ ಮೇಡಂ, ತೆಗಿಬ್ಯಾಡ್ರಿ,” ಎಂದಿದ್ದ. ಕಸ ತೆಗೆಯಲು ಸೋಮಾರಿತನ ಮಾಡಿ ಈಗ ಮಾತಿನಲ್ಲಿ ಮುಚ್ಚಿಕೊಳ್ಳುತ್ತಿದ್ದಾನೆ ಎಂದು ನಾನು ತಿಳಿದೆ. ಇಂಥ ನೆಪಗಳನ್ನು ನಾನು ಶಾಲೆಯಲ್ಲಿ ದಿನಾ ಕೇಳುತ್ತೇನೆ. ಮರದ ಕೆಳಗೆ ಕೂತು ಇಡೀ ದಿನ ನಾಲ್ಕು ನೂರು ಪಾಕೀಟಿನ ಸೊಪ್ಪನ್ನೂ ಬೇರು ಸಹಿತ ಕಿತ್ತೆ. ದೊಡ್ಡವ್ವ ಒಂದಿಷ್ಟು ಸಾರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ಉಳಿದದ್ದನ್ನು ಹೊಲದ ಮೂಲೆಯಲ್ಲಿದ್ದ ನೀರಿನ ತೊಟ್ಟಿಯ ಹಿಂದೆ ಎಸೆದೆ. ಮರುದಿನ ಸಸಿ ಹಚ್ಚಿದಾಗ ಹೊಲ ತಿದ್ದದೆ ಬರೆದ ಲೆಕ್ಕದಷ್ಟು ಚಂದ ಕಂಡಿತು.

ಕಸ ತೆಗೆಯುವ ಕೆಲಸವನ್ನು ಇಬ್ಬರೂ ಹಂಚಿಕೊಂಡೆವು. ರಸ್ತೆ ಕಡೆಯ ಹತ್ತು ಸಾಲು ನನ್ನವು, ಹಿಂದಿನ ಹತ್ತು ಆಕೆಯವು. ರಸ್ತೆ ಕಡೆಯದನ್ನು ನಾನೇಕೆ ಆರಿಸಿಕೊಂಡೆ ಎಂದರೆ, ಬಸ್ಸಿನಲ್ಲಿ ಹೋಗುವವರಿಗೆ ಕಾಣುವ ಸಾಲು ಅವು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕುರ್ಪಿ ಹಿಡಿದು ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನನ್ನ ಸಾಲುಗಳಲ್ಲಿ ಒಂದು ಎಳೆ ಹುಲ್ಲು ಉಳಿಯುತ್ತಿರಲಿಲ್ಲ.

ದೊಡ್ಡವ್ವನ ಸಾಲುಗಳು ಹಾಗಿರಲಿಲ್ಲ. ಕರಕಿ, ಜೇಕು ಎಲ್ಲವನ್ನೂ ತೆಗೆಯುತ್ತಿದ್ದಳು, ಆದರೆ ಹಿಂದಿನ ವರ್ಷ ಉದುರಿದ ಕಾಳಿನಿಂದ ತಾನಾಗಿ ಎದ್ದ ತೊಗರಿ ಗಿಡಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗಂಧದ ಗುಂಡಿಯ ಒಳಗೇ ಎದ್ದಿದ್ದರೂ ಬಿಡುತ್ತಿದ್ದಳು. ನನ್ನ ಸಾಲುಗಳಲ್ಲೂ ಎದ್ದಿದ್ದವು, ನಾನು ಕಿತ್ತಿದ್ದೆ.

“ದೊಡ್ಡವ್ವ, ಅವನ್ನೂ ಕೀಳು. ನಾವು ಬಿತ್ತಿಲ್ಲ, ಅದೂ ಕಸಾನೇ,” ಎಂದೆ.

“ಆಗೂದಿಲ್ರಿ ಅಕ್ಕೋರೆ.”

“ಯಾಕ ಆಗೂದಿಲ್ಲ?”

“ಹುಟ್ಟಿದಾಗಿಂದ ತೊಗರಿ ಉಂಡೀನ್ರಿ. ಕಾಯಿ ಬಿಡೂ ಗಿಡಕ್ಕ ಕುರ್ಪಿ ಹಚ್ಚಾಕ ಕೈ ಬರಂಗಿಲ್ಲ. ಬೇಕಾದ್ರ ನೀವೇ ಕೀಳ್ರಿ, ನಾ ಆ ಕಡಿ ಮಾರಿ ಮಾಡ್ಕೊಂಡು ಕುಂಡ್ರತೀನಿ.”

ನನಗೆ ಸಿಟ್ಟು ಬಂತು. ಕೀಳಲು ಎದ್ದು ಹೊರಟೆ ಕೂಡ. ಆದರೆ ಆಕೆ ನಿಜವಾಗಿಯೂ ಆ ಕಡೆ ತಿರುಗಿ, ಮೊಣಕಾಲು ಅಪ್ಪಿಕೊಂಡು, ಬೆನ್ನು ಮಾಡಿ ಕೂತುಬಿಟ್ಟಳು. ಆ ಬೆನ್ನಿನ ಮುಂದೆ ತೊಗರಿ ಕೀಳಲು ನನಗೂ ಕೈ ಬರಲಿಲ್ಲ. ಮುಂದಿನ ವಾರ ನೋಡೋಣ ಎಂದು ಗೊಣಗಿ ನನ್ನ ಸಾಲಿಗೆ ಮರಳಿದೆ. ಮುಂದಿನ ವಾರವೂ ಅದೇ ಆಯಿತು.

ದಸರಾ ರಜೆಗೆ ಹೋದಾಗ ನನ್ನ ಹತ್ತು ಸಾಲಿನ ಸಸಿಗಳ ಎಲೆಗಳು ಹಳದಿ ತಿರುಗಿದ್ದವು. ಕೆಲವು ತುದಿಯಿಂದ ಒಣಗಿಕೊಂಡು ಬಂದಿದ್ದವು. ನೀರು ಸಾಲದೇನೋ ಎಂದು ಕೊಡ ಹೊತ್ತು ನೀರು ಹಾಕಿದೆ, ಗೊಬ್ಬರ ಹಾಕಿದೆ, ಸಿಕ್ಕ ಒಂದಿಷ್ಟು ಹುಲ್ಲನ್ನೂ ಬಿಡದೆ ಮತ್ತೆ ಕಿತ್ತೆ. ಎರಡು ವಾರದಲ್ಲಿ ಇನ್ನೂ ಹದಗೆಟ್ಟಿತು. ಅಣ್ಣ ಟ್ರ್ಯಾಕ್ಟರ್ ತಂದು ಸಾಲುಗಳ ಮೇಲೆ ಹಾಯಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ, ಸುಳ್ಳೇಕೆ ಹೇಳಲಿ.

ಕೊನೆಗೆ ಒಂದು ಹಳದಿ ಸಸಿಯನ್ನು ಮಣ್ಣಿನ ಸಮೇತ ಅಗೆದು ಬಕೆಟ್ಟಿನಲ್ಲಿಟ್ಟು ನರ್ಸರಿಗೆ ಒಯ್ದೆ. ಕೆಟ್ಟ ಸಸಿ ಕೊಟ್ಟಿದ್ದಕ್ಕೆ ಅವನನ್ನು ಚೆನ್ನಾಗಿ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಬಕೆಟ್ಟಿನೊಳಗೆ ಬಗ್ಗಿ ನೋಡಿ ಮೊದಲು ಕೇಳಿದ್ದು ಒಂದೇ.

“ಸೊಪ್ಪು ಎಲ್ಲಿ ಮೇಡಂ?”

“ಕಿತ್ತೆ.”

“ಸುತ್ತಮುತ್ತ ಮತ್ತ ಏನರೆ ಗಿಡ ಅದ ಏನ್ರಿ?”

“ಒಂದೂ ಇಲ್ಲ. ಹೊಲ ಅಷ್ಟು ಚೊಕ್ಕ ಇಟ್ಟೀನಿ.”

ಅವನು ಹಣೆ ಬಡಿದುಕೊಳ್ಳಲಿಲ್ಲ, ಅಷ್ಟೇ. “ಬಿಲ್ಕುಲ್ ಸಾಫ್ ಮಾಡೀರಿ,” ಎಂದ. ಆಮೇಲೆ ಬೇರು ಬಿಡಿಸಿ ತೋರಿಸುತ್ತ ಹೇಳಿದ. ಗಂಧದ ಗಿಡ ತನ್ನ ಊಟವನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಅದರಿಂದ ಹೀರಿಕೊಳ್ಳುತ್ತದೆ. ಎಳೆಯದಿದ್ದಾಗ ಹೊನಗೊನ್ನೆ ಸಾಕು, ಹೊಲಕ್ಕೆ ಬಂದ ಮೇಲೆ ಇನ್ನೊಂದು ದೊಡ್ಡ ಗಿಡ ಬೇಕು. “ಹುಲ್ಲು ತೆಗೀರಿ, ಬ್ಯಾಡ ಅನ್ನಾಂಗಿಲ್ಲ. ಖರೆ ಜೋಡಿ ಗಿಡ ತೆಗದ್ರ ಇದು ಉಪವಾಸ ಬೀಳ್ತದ.”

“ಜೋಡಿ ಗಿಡ ಅಂದ್ರ ಯಾವುದು?”

“ನಮ್ಮ ಕಡಿ ಚಲೋ ಅಂದ್ರ ತೊಗರೀನೇ ರೀ.”

ಜೋಡಿಸಿಕೊಂಡಿದ್ದ ಬೈಗುಳವನ್ನೂ ಬಕೆಟ್ಟನ್ನೂ ಅಲ್ಲೇ ಬಿಟ್ಟು ಕಮಲಾಪುರದ ಬಸ್ಸು ಹತ್ತಿದೆ. ಹೊಲಕ್ಕೆ ಹೋಗಿ, ನನ್ನ ಸಾಲು ದಾಟಿ, ಮೊದಲ ಸಲ ಹಿಂದಿನ ಹತ್ತು ಸಾಲನ್ನು ಕಣ್ಣು ಬಿಟ್ಟು ನೋಡಿದೆ. ಅಲ್ಲಿಯವರೆಗೆ ನನಗೆ ಅಲ್ಲಿ ತೊಗರಿ ಮಾತ್ರ ಕಂಡಿತ್ತು, ಸಿಟ್ಟಿಗೆ. ಈಗ ಹೂಬಿಟ್ಟ ತೊಗರಿಯನ್ನು ಕೈಯಿಂದ ಸರಿಸಿದರೆ ಒಳಗೆ ಗಂಧದ ಸಸಿ ಹಚ್ಚಗೆ ನಿಂತಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ. ಬದುವಿನ ಮೇಲೆ ಕೂತೆ. ಅಬ್ಬಾ ಎಂದು ಉಸಿರು ಬಿಟ್ಟಾಗ, ದಸರೆಯಿಂದ ಸರಿಯಾಗಿ ಉಸಿರಾಡಿಯೇ ಇಲ್ಲವೇನೋ ಅನ್ನಿಸಿತು.

ನನ್ನ ಸಾಲುಗಳಿಗೆ ಏನು ಮಾಡುವುದೆಂದು ಯೋಚಿಸುತ್ತ ಕೈ ತೊಳೆಯಲು ತೊಟ್ಟಿಯ ಹಿಂದೆ ಹೋದೆ. ನಾನು ಕಿತ್ತೆಸೆದ ಹೊನಗೊನ್ನೆ ಅಲ್ಲಿನ ಹಸಿಯಲ್ಲಿ ಬೇರು ಬಿಟ್ಟು ಹಾಸಿಕೊಂಡಿತ್ತು. ಅಷ್ಟೂ ತುಂಡು ಮಾಡಿ, ದೊಡ್ಡವ್ವನನ್ನು ಕರೆದು, ಇಬ್ಬರೂ ಹಳದಿ ಸಸಿಗಳ ಬುಡಕ್ಕೆ ಒಂದೊಂದಾಗಿ ಊರಿದೆವು, ಪಕ್ಕದಲ್ಲಿ ಎರಡೆರಡು ತೊಗರಿ ಕಾಳು ಒತ್ತಿದೆವು. ನೀರು ಹಾಕುತ್ತ ಬಂದೆವು.

ಸಂಕ್ರಾಂತಿ ಕಳೆದು, ರಾಶಿ ಮುಗಿಸಿಕೊಂಡು ಅಣ್ಣ ಬಂದ. ಕೈ ಹಿಂದೆ ಕಟ್ಟಿಕೊಂಡು ಸಾಲು ಸಾಲಾಗಿ ನಡೆದ. ನಾನು ಮೂರು ಹೆಜ್ಜೆ ಹಿಂದೆ. ರಸ್ತೆ ಕಡೆಯ ಸಾಲುಗಳಲ್ಲಿ ಕೆಲವು ಸತ್ತಿದ್ದವು, ಆದರೆ ಹೆಚ್ಚಿನವುಗಳ ತುದಿಯಲ್ಲಿ ಎಳೆ ಹಸಿರು ಚಿಗುರು ಎದ್ದಿತ್ತು. ಹಿಂದಿನ ಸಾಲುಗಳಲ್ಲಿ ಸಸಿಗಳು ಅವನ ಮೊಣಕಾಲು ಮುಟ್ಟುತ್ತಿದ್ದವು. ಅವನು ಒಂದು ಎಲೆ ಹಿಡಿದು ನೋಡಿ ನನ್ನ ಕಡೆ ತಿರುಗಿದ.

“ಕೈಗುಣ ಚಲೋ ಅದವ್ವಾ ನಿಂದು. ಹೊಲ ನಿನ್ನ ಕೈಯಾಗೇ ಇರ್ಲಿ.”

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆ ಮಾತಿಗಾಗಿ ಒಂದು ವರ್ಷ ಕಾದಿದ್ದೆ. ಆದರೆ ನಾಲ್ಕು ಹೆಜ್ಜೆ ದೂರದಲ್ಲಿ ದೊಡ್ಡವ್ವ ಉಳಿದ ತೊಗರಿಕಾಯಿಗಳನ್ನು ಸೆರಗಿಗೆ ಬಿಡಿಸಿಕೊಳ್ಳುತ್ತಿದ್ದಳು.

“ಕೈಗುಣ ನಂದಲ್ಲಣ್ಣ, ಆಕೀದು,” ಎಂದು ಎಲ್ಲವನ್ನೂ ಹೇಳಿದೆ. ನಾಲ್ಕು ನೂರು ಪಾಕೀಟು ಚೊಕ್ಕ ಮಾಡಿದ್ದನ್ನು ಕೇಳಿ ಅಣ್ಣ ಕೆಮ್ಮು ಬರುವಷ್ಟು ನಕ್ಕ. ನನಗೂ ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ನಂತರದ ನಗು ಅದು.

ದೊಡ್ಡವ್ವ ಸೆರಗು ಬಿಗಿದುಕೊಳ್ಳುತ್ತ ಕೇಳಿದಳು, “ತೊಗರಿ ಕಟಗಿ ಒಲಿಗೆ ಒಯ್ಲೇನ್ರಿ ಅಕ್ಕೋರೆ?”

“ಕೀಳಬ್ಯಾಡ!” ಎಂದು ನಾನು ಕೂಗಿದ ರಭಸಕ್ಕೆ ಅಣ್ಣ ಬೆಚ್ಚಿದ.

“ಕೀಳಂಗಿಲ್ರಿ. ಮ್ಯಾಲಿಂದು ಮುರಕೋತೀನಿ. ಗಿಡ ಅಲ್ಲೇ ಇರ್ತದ, ಮತ್ತ ಚಿಗಿತದ.”

ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ನನ್ನ ಕಾಲ ಹತ್ತಿರ, ಗಂಧದ ಬುಡಕ್ಕೆ ಅಂಟಿಕೊಂಡು, ಏನೋ ಒಂದು ಹಸಿರು ತಲೆ ಎತ್ತಿತ್ತು. ಬಗ್ಗಿ ಅದಕ್ಕೆ ಕೈ ಹಾಕಿದವಳು ಹಾಗೇ ನಿಂತು ದೊಡ್ಡವ್ವನ ಮುಖ ನೋಡಿದೆ.

“ಅದು ಜೇಕು ರೀ,” ಅಂದಳು. “ಕೀಳ್ರಿ.”

ಕಿತ್ತೆ.