ಗಡ್ಡಣ್ಣನ ಕಿವಿಯ ಸರಸರ

ಆಂಬುಲೆನ್ಸಿಗೆ ಬರುವ ಕರೆಗಳನ್ನು ತೆಗೆದುಕೊಳ್ಳುವ ನಮ್ಮ ಕೋಣೆಯಲ್ಲಿ ಎಲ್ಲರಿಗೂ ಅವರು ಗಡ್ಡಣ್ಣ. ಎದೆಯವರೆಗೆ ಇಳಿದ, ಕರಿಗಿಂತ ಬಿಳಿಯೇ ಹೆಚ್ಚಾಗಿದ್ದ ಗಡ್ಡ. ಅವರ ಮೇಜಿಗೂ ನನ್ನ ಮೇಜಿಗೂ ನಡುವೆ ಒಂದು ತೆಳು ಹಲಗೆ ಅಷ್ಟೇ. ನನಗೆ ಬಾಯಿ ಸ್ವಲ್ಪ ಜೋರು, ಅವರಿಗೆ ಬಾಯೇ ಇಲ್ಲ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತ್ತು.

ಮೊದಲು ಅವರು ಆಂಬುಲೆನ್ಸ್ ಓಡಿಸುತ್ತಿದ್ದರು. ವರ್ಷಗಟ್ಟಲೆ ಸ್ಟ್ರೆಚರ್ ಎತ್ತಿ ಇಳಿಸಿ ಸೊಂಟ ಕೈಕೊಟ್ಟಿತು. ಇನ್ನು ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಕಚೇರಿಯವರು ಕುರ್ಚಿ ಕೊಟ್ಟು ಕಿವಿಗೆ ಹೆಡ್‌ಫೋನ್ ಹಾಕಿದರು. ಆಚೆ ಕಡೆಯವರು ಗಾಬರಿಯಲ್ಲಿ ವಿಳಾಸ ಹೇಳಲು ತಡವರಿಸಿದರೆ, "ಟೈರ್ ಅಂಗಡಿ ದಾಟಿ ಎಡಕ್ಕೆ ತಿರುಗೋದಲ್ವಾ? ಗೊತ್ತಾಯ್ತು, ನೀವು ಬಾಗಿಲು ತೆಗೆದಿಟ್ಟಿರಿ," ಎಂದು ಇವರೇ ದಾರಿ ಹೇಳುತ್ತಿದ್ದರು. ಅವರ ದನಿ ಕೇಳಿಯೇ ಅರ್ಧ ಜನ ಸುಧಾರಿಸಿಕೊಳ್ಳುತ್ತಿದ್ದರು.

ತಾಪತ್ರಯ ಶುರುವಾದದ್ದು ಹೊಸ ಹೆಡ್‌ಫೋನ್ ಬಂದ ಮೇಲೆ. ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಮೆತ್ತೆಯವು. ಗಡ್ಡಣ್ಣ ಬಾಯಿ ತೆರೆದರೆ ಸರಸರ, ಕತ್ತು ತಿರುಗಿಸಿದರೆ ಸರಸರ. ರಿಪೇರಿಯವನು ಬಂದು ವೈರು ಬದಲಾಯಿಸಿದ, ಆಮೇಲೆ ಸೆಟ್ಟನ್ನೇ ಬದಲಾಯಿಸಿದ. ಸದ್ದು ಜಪ್ಪಯ್ಯ ಅಂದರೂ ಹೋಗಲಿಲ್ಲ. ತಾನೇ ಹಾಕಿಕೊಂಡು ನೋಡಿದರೆ ಪಿಟ್ಟೆನ್ನುವುದಿಲ್ಲ! ಕೊನೆಗೆ ಗಡ್ಡಣ್ಣನ ಮುಖವನ್ನೇ ದಿಟ್ಟಿಸಿ, "ಅಣ್ಣಾ, ಕೆಟ್ಟಿರೋದು ಹೆಡ್‌ಫೋನ್ ಅಲ್ಲ, ನಿಮ್ಮ ಗಡ್ಡ," ಅಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಅವನು ಹೇಳಿದ್ದೇ ಸರಿ. ಕೆನ್ನೆಯ ಕೂದಲು ಮೆತ್ತೆಯ ಅಡಿಗೆ ಸಿಕ್ಕಿ ಉಜ್ಜುತ್ತಿತ್ತು. ಆ ಸದ್ದು ಅವರ ಕಿವಿಗೆ ಮಾತ್ರ. ಫೋನಿನಲ್ಲಿರುವವರಿಗೂ ಕೇಳದು, ರೆಕಾರ್ಡಿನಲ್ಲೂ ಬಾರದು.

ಕೋಣೆಯ ಉಸ್ತುವಾರಿ ನೋಡುವ ಮೇಡಂ ಒಳ್ಳೆಯ ಮಾತಿನಲ್ಲೇ ಹೇಳಿದರು. "ಪೂರ್ತಿ ಬೋಳಿಸಿ ಅಂತಿಲ್ಲ. ಕೆನ್ನೆ ಮೇಲಾದ್ರೂ ಸ್ವಲ್ಪ ಕತ್ತರಿಸ್ಕೊಳ್ಳಿ. ಯಾವತ್ತಾದ್ರೂ ಎಡವಟ್ಟಾಗುತ್ತೆ."

"ರೂಢಿಯಾಗುತ್ತೆ ಬಿಡಿ ಮೇಡಂ," ಅಂದರು ಗಡ್ಡಣ್ಣ.

ರೂಢಿ ಆಯಿತು ಕೂಡ. ಅದೇ ಮುಂದಿನ ಅನಾಹುತಕ್ಕೆ ಮೂಲವಾಯಿತು.

ನನಗಂತೂ ತಡೆಯುತ್ತಿರಲಿಲ್ಲ. ಎಣ್ಣೆ ಹಚ್ಚಿ ನೋಡಿ ಅಂದೆ, ರಬ್ಬರ್ ಬ್ಯಾಂಡ್ ಕೊಟ್ಟೆ, ಒಮ್ಮೆ ನನ್ನ ಕರ್ಚೀಫನ್ನೇ ಅವರ ದವಡೆಗೆ ಹಲ್ಲುನೋವಿನವರ ಹಾಗೆ ಕಟ್ಟಿದೆ. ಯಾವುದಕ್ಕೂ ಬೇಡ ಅನ್ನಲಿಲ್ಲ, ಪಾಪ. ಕತ್ತರಿಯ ಮಾತೆತ್ತಿದರೆ ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಒಂದು ದಿನ ಟೀ ಕುಡಿಯುವಾಗ ಕೆಣಕಿದೆ. "ಏನಣ್ಣಾ, ಅದರೊಳಗೆ ಗುಬ್ಬಿ ಏನಾದ್ರೂ ಗೂಡು ಕಟ್ಟಿದೆಯಾ? ಅಷ್ಟು ಜೋಪಾನ ಮಾಡ್ತೀರಲ್ಲ!"

ಅವರು ಲೋಟ ಕೆಳಗಿಟ್ಟರು. "ನಿಮ್ಮ ಅತ್ತಿಗೆಗೆ ಕೊನೇಲಿ ಮಾತು ಬಿದ್ದುಹೋಗಿತ್ತು ತಂಗಿ. ಎಡಗೈ ಒಂದು ಆಡ್ತಿತ್ತು ಅಷ್ಟೇ. ನನಗೆ ಆಸ್ಪತ್ರೆ, ಕೆಲಸ ಅಂತ ಓಡಾಡ್ಕೊಂಡು ಮುಖ ಕೆರೆದುಕೊಳ್ಳಕ್ಕೂ ಪುರುಸೊತ್ತಿರ್ಲಿಲ್ಲ, ಗಡ್ಡ ಬೆಳೀತು. ಹತ್ರ ಬಗ್ಗಿದ್ರೆ ಅದನ್ನೇ ಹಿಡ್ಕೊಳ್ಳೋಳು. ಒಂದ್ಸಲ ಜಗ್ಗಿದ್ರೆ ನೀರು. ಮೇಲೆ ಕೆಳಗೆ ಉಜ್ಜಿದ್ರೆ ಮಗ್ಗುಲು ತಿರುಗಿಸು ಅಂತ."

"ಮತ್ತೆ?" ಅಂದೆ.

"ಮುಷ್ಟಿ ತುಂಬ ಹಿಡ್ಕೊಂಡ್ರೆ, ಎಲ್ಲೂ ಹೋಗ್ಬೇಡ ಅಂತ." ನಾಚಿಕೊಂಡವರ ಹಾಗೆ ಹೇಳಿದರು. "ಈ ಹೆಡ್‌ಫೋನ್ ಹಾಕಿದ್ರೆ ಸರಸರ ಅನ್ನುತ್ತಲ್ಲ, ಅವಳು ಕೈಯಾಡಿಸ್ದಂಗೇ ಇರುತ್ತೆ. ನನಗೇನೂ ತೊಂದ್ರೆ ಇಲ್ಲ ಕಣಮ್ಮ."

ಆಮೇಲೆ ಗಡ್ಡದ ಸುದ್ದಿಗೆ ನಾನು ಹೋಗಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅವರ ಮೇಜಿಗೆ ಒಂದು ಮೂಕ ಕರೆ ಬಂತು. ಅಂಥವು ದಿನಾ ಬರುತ್ತವೆ. ಯಾವುದೋ ಮಗು ಒತ್ತಿರುತ್ತದೆ, ಇಲ್ಲವೇ ಜೇಬಿನಲ್ಲಿದ್ದ ಫೋನು ತಾನಾಗಿ ಹೊಡೆದಿರುತ್ತದೆ. ನಮಗೊಂದು ನಿಯಮವಿದೆ. ನರಳಾಟ, ಉಸಿರು, ಏನೇ ಸದ್ದು ಕೇಳಿದರೂ ಕರೆ ಕತ್ತರಿಸುವಂತಿಲ್ಲ. ಮೇಡಂಗೆ ಹೇಳಿ ವಿಳಾಸ ಹುಡುಕಿಸಬೇಕು. ಏನೂ ಕೇಳದಿದ್ದರೆ ಇಟ್ಟು, ಒಮ್ಮೆ ತಿರುಗಿ ಮಾಡಬೇಕು. ಗಡ್ಡಣ್ಣ "ಹಲೋ, ಹೇಳಿ" ಎಂದು ಮತ್ತೆ ಮತ್ತೆ ಕೇಳಿದರು, ಇಟ್ಟರು, ತಿರುಗಿ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. "ಯಾವುದೋ ಮಗು ಇರ್ಬೇಕು," ಎಂದು ನನಗೆ ಹೇಳಿ ಮುಂದಿನ ಕರೆಗೆ ಹೋದರು.

ಹೊತ್ತು ಇಳಿಯುವಾಗ ನನಗೊಂದು ಕರೆ ಬಂತು. ಹೆಂಗಸಿನ ದನಿ, ನಡುಗುತ್ತಿತ್ತು. "ನಮ್ಮ ಮಹಡಿ ಮನೆ ಹೊಲಿಗೆ ಟೀಚರ್ ಬಿದ್ಬಿಟ್ಟಿದ್ದಾರೆ, ಬೇಗ ಕಳಿಸಿ. ಒಬ್ರೇ ಇರೋದು. ಬಾಯಿ ಸೊಟ್ಟಗಾಗಿದೆ, ಮಾತು ಬರ್ತಿಲ್ಲ. ಕೈಯಲ್ಲಿ ಫೋನ್ ಹಿಡ್ಕೊಂಡಿದ್ದಾರೆ, ನಿಮ್ಮ ನಂಬರ್ ಹೊಡೆದಿದ್ದಾರೆ. ಅದನ್ನ ಉಗುರಲ್ಲಿ ಕೆರೀತಾನೇ ಇದ್ದಾರೆ ಕಣಮ್ಮ!"

ಗಾಡಿ ಹೋಯಿತು. ಟೀಚರ್ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡರು.

ಮೇಡಂ ನಮ್ಮಿಬ್ಬರನ್ನೂ ಒಳಗೆ ಕರೆದರು. ಆ ಮಧ್ಯಾಹ್ನದ ಮೂಕ ಕರೆ ಟೀಚರ್ ಫೋನಿನಿಂದಲೇ ಬಂದಿತ್ತು. ಮೇಡಂ ಮುಖ ಗಂಟಿಕ್ಕಿರಲಿಲ್ಲ, ಗದರಲೂ ಇಲ್ಲ. ಮೇಜಿನ ಮೇಲಿದ್ದ ಸ್ಪೀಕರಿನಲ್ಲಿ ಕರೆಯ ರೆಕಾರ್ಡು ಹಾಕಿದರು.

"ಹಲೋ, ಆಂಬುಲೆನ್ಸ್. ಹೇಳಿ." ಗಡ್ಡಣ್ಣನ ದನಿ. ಅದರ ಹಿಂದೆಯೇ ಸರಸರ.

"ಏನಾಗಿದೆ? ಯಾರಿಗೆ?" ಸರಸರ, ಸರಸರ.

"ಹಲೋ? ಇದ್ದೀರಾ?" ಸರಸರ ಜೋರಾಯಿತು. ಕೇಳಿದ್ದಕ್ಕೆಲ್ಲ ಉತ್ತರ ಬರುತ್ತಿತ್ತು.

ಗಡ್ಡಣ್ಣ ತಮ್ಮ ಗಡ್ಡವನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡರು. ಒಂದು ಎಳೆಯೂ ಅಲುಗದ ಹಾಗೆ, ಉಸಿರು ಬಿಗಿಹಿಡಿದು ಕೂತರು. ಸ್ಪೀಕರಿನಲ್ಲಿ ಸದ್ದು ನಿಲ್ಲಲಿಲ್ಲ.

"ಇದು ನಂದಲ್ಲ," ಅಂದರು. "ಮೇಡಂ, ಇದು ನಂದಲ್ಲ."

ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಗಡ್ಡವನ್ನು ಅಲ್ಲೇ ಕತ್ತರಿಸಿ ಎಸೆಯಬೇಕು ಅನ್ನಿಸಿತು. ಅವರ ಮುಖ ನೋಡಿದರೆ ಅಳು ಬಂತು.

"ಆಗಲೇ ಗಾಡಿ ಹೋಗಿದ್ರೆ ಉಳೀತಿದ್ರಾ?" ಎಂದು ಅವರು ಕೇಳಿದರು.

"ಹೇಳಕ್ಕಾಗಲ್ಲ ಅಂತಾರೆ ಡಾಕ್ಟರು," ಅಂದರು ಮೇಡಂ.

"ನನ್ನನ್ನ ಮನೆಗೆ ಕಳಿಸಿಬಿಡಿ."

"ಕಳಿಸಿದ್ರೆ ನಿಮಗೆ ಹಗುರ ಆಗಬಹುದು. ನನಗೆ ಆ ಕುರ್ಚೀಲಿ ಕೇಳೋ ಕಿವಿ ಬೇಕು. ಗಡ್ಡ ಇಟ್ಕೊಂಡು ಮಾತ್ರ ಇನ್ನು ಅಲ್ಲಿ ಕೂರೋ ಹಾಗಿಲ್ಲ. ಬರ್ತೀರೋ ಇಲ್ವೋ, ನೀವೇ ಯೋಚನೆ ಮಾಡಿ."

ಹೊರಗೆ ಬಂದ ಮೇಲೆ ಗಡ್ಡಣ್ಣ ಮೆಟ್ಟಿಲ ಮೇಲೆ ಕುಸಿದು ಕೂತರು. "ಕೈ ಮಾತಾಡುತ್ತೆ ಅನ್ನೋದು ಈ ಕೋಣೇಲಿ ನನಗೊಬ್ಬನಿಗೇ ಗೊತ್ತಿತ್ತು ತಂಗಿ. ಆ ತಾಯಿ ನನ್ನ ಹತ್ರಾನೇ ಬಂದ್ರು. ನಾನು ನಮ್ಮನೆಯವಳ ಕೈ ಅಂದ್ಕೊಂಡು ಸುಮ್ನೆ ಕೂತಿದ್ದೆ."

ನಾನೂ ಅವರ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ರಸ್ತೆ ದಾಟಿ ಕ್ಷೌರದ ಅಂಗಡಿಗೆ ನಡೆದರು. ನಾನೂ ಹಿಂದೆ ಹೋದೆ. ಕ್ಷೌರದವನು, "ಸ್ವಲ್ಪ ಸೆಟ್ ಮಾಡ್ಲಾ ಸಾರ್?" ಅಂದ.

"ಪೂರ್ತಿ ತೆಗಿ."

ಕತ್ತರಿ ಆಡುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಲಿಲ್ಲ, ಕನ್ನಡಿಯನ್ನೇ ನೋಡುತ್ತಿದ್ದರು. ಒಳಗಿನಿಂದ ಒಂದು ಪುಟ್ಟ ಗಲ್ಲ, ಬಿಸಿಲೇ ಕಾಣದ ಕೆನ್ನೆ ಹೊರಗೆ ಬಂತು. ಕೂದಲು ನೆಲದ ಮೇಲೆ ಬಿದ್ದಿತ್ತು. "ಒಂಚೂರು ಕಾಗದದಲ್ಲಿ ಕಟ್ಟಿಸ್ಕೊಳ್ಳೋಣವಾ ಅಣ್ಣಾ?" ಎಂದು ಕೇಳಿದೆ.

"ಬೇಡ ತಂಗಿ. ಗುಡಿಸ್ಲಿ."

ಮಾರನೆಯ ದಿನ ಬಂದು ಹೆಡ್‌ಫೋನ್ ಹಾಕಿಕೊಂಡರು. ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಏನೂ ಇಲ್ಲ," ಅಂದರು. ಅದು ಸಮಾಧಾನದ ಮಾತಾಗಿರಲಿಲ್ಲ ಎಂದು ನನಗೆ ಮಾತ್ರ ಗೊತ್ತು.

ಆಮೇಲಿಂದ ಮೂಕ ಕರೆ ಬಂದರೆ ಅವರು ಬೇಗ ಇಡುತ್ತಿರಲಿಲ್ಲ. "ಮಾತು ಬರ್ದಿದ್ರೆ ಪರವಾಗಿಲ್ಲ. ಫೋನ್ ಮೇಲೆ ಉಗುರಲ್ಲಿ ಕೆರೀರಿ. ನಾನು ಕೇಳಿಸ್ಕೊಳ್ತಿದ್ದೀನಿ," ಎಂದು ಹೇಳಿ ಕಾಯುತ್ತಿದ್ದರು. ಹತ್ತಿರದ ಮೇಜಿನವರು ಹೊತ್ತು ಹಾಳು ಎಂದು ಗೊಣಗಿದರು. ನಾನು ಕಣ್ಣು ಕೆಕ್ಕರಿಸಿದ ಮೇಲೆ ತೆಪ್ಪಗಾದರು. ಬಹಳ ಸಲ ಆಚೆ ಕಡೆ ಏನೂ ಇರುತ್ತಿರಲಿಲ್ಲ. ಕಾಯುವಾಗ ಅವರ ಕೈ ಗಲ್ಲಕ್ಕೆ ಹೋಗಿ, ಏನೂ ಸಿಗದೆ ವಾಪಸು ಮೇಜಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಹೇಳಿ ಕಾಯುತ್ತಿದ್ದವರು ತಟಕ್ಕನೆ ಕೈ ಎತ್ತಿದರು. ನಾವೆಲ್ಲ ಬಾಯಿ ಮುಚ್ಚಿದೆವು. ಅವರು ಉಸಿರಾಡುತ್ತಿದ್ದರೋ ಇಲ್ಲವೋ.

"ಇದ್ದಾರೆ ಮೇಡಂ," ಅಂದರು. "ವಿಳಾಸ ಹುಡುಕ್ಸಿ, ಬೇಗ."

ಮೇಡಂ ಫೋನಿಗೆ ಓಡಿದರು. ವಿಳಾಸ ಸಿಕ್ಕಿತು, ಗಾಡಿ ಹೊರಟಿತು. ಆದರೂ ಅವರು ಕರೆ ಇಡಲಿಲ್ಲ. ಆಚೆ ಕಡೆ ಗಂಡಸೋ ಹೆಂಗಸೋ ನಮಗೆ ಇನ್ನೂ ಗೊತ್ತಿರಲಿಲ್ಲ. ಅವರ ಮೇಜಿಗೆ ಬರುತ್ತಿದ್ದ ಬೇರೆ ಕರೆಗಳನ್ನೆಲ್ಲ ನಾನು ತೆಗೆದುಕೊಳ್ಳುತ್ತಾ ಹೋದೆ. ಹಲಗೆಯಾಚೆಯಿಂದ ಅವರ ದನಿ ಸಣ್ಣಗೆ ಕೇಳುತ್ತಲೇ ಇತ್ತು.

"ಕೆರೀತಾ ಇರಿ, ನಿಲ್ಲಿಸ್ಬೇಡಿ. ಗಾಡಿ ಬರ್ತಿದೆ. ಅಲ್ಲೀವರೆಗೆ ನಾನು ಎಲ್ಲೂ ಹೋಗಲ್ಲ."