ಬಾಯಿ ತೆಗೆಯುವ ಮೊದಲೇ ಇಳಿದ ರೇಟು

ಕ್ಯಾಮೆರಾ ಹಿಡಿಯುವುದನ್ನು ನನಗೆ ಹುಬ್ಬಳ್ಳಿಯ ಒಂದು ಸ್ಟುಡಿಯೊದಲ್ಲಿ ಕಲಿಸಿದರು. ಸವಣೂರಿನಿಂದ ಬಸ್ಸಿನಲ್ಲಿ ಯಲವಿಗಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ನಿಂತುಕೊಂಡೇ ಹುಬ್ಬಳ್ಳಿ ಮುಟ್ಟುತ್ತಿದ್ದೆ. ಬೆಳಕು ಎಲ್ಲಿಂದ ಬೀಳಬೇಕು, ಮದುಮಗಳು ಅಳುವಾಗ ಎಷ್ಟು ದೂರ ನಿಲ್ಲಬೇಕು, ಊಟದ ಪಂಕ್ತಿಯಲ್ಲಿ ಯಾವ ಗಳಿಗೆಗೆ ಗುಂಡಿ ಒತ್ತಬಾರದು, ಎಲ್ಲ ಹೇಳಿಕೊಟ್ಟರು. ರೇಟು ಹೇಳುವುದನ್ನು ಮಾತ್ರ ಹೇಳಿಕೊಡಲಿಲ್ಲ.

ಮೊದಮೊದಲು ಅದರ ಅಗತ್ಯವೂ ಬೀಳಲಿಲ್ಲ. ನಾನು ಓಣಿಯ ದರ್ಜಿಯ ಮಗಳು, ಅಂದಮೇಲೆ ಇಡೀ ಓಣಿಯ ಮಗಳು. ಕೂಸಿಗೆ ಹೆಸರಿಡುವ ಕಾರ್ಯವಿದ್ದರೆ ಕರೆಯುತ್ತಿದ್ದರು. ಮುಗಿದಮೇಲೆ "ಎಷ್ಟು ಕೊಡಲಿ ಬೇಟಿ?" ಎಂದು ಮನೆಯಾಕೆ ಕೇಳಿದರೆ ನಾನು ತಲೆ ತಗ್ಗಿಸಿ "ನಿಮಗ ತಿಳಿದಷ್ಟು" ಎನ್ನುತ್ತಿದ್ದೆ. ಒಬ್ಬರಿಗೆ ತಿಳಿದದ್ದು ಬ್ಲೌಸ್ ಪೀಸು. ಇನ್ನೊಬ್ಬರಿಗೆ ತಿಳಿದದ್ದು ಚಹಾದ ಜೊತೆ ತಿನ್ನುವ ಸವಣೂರು ಖಾರದ ಪೊಟ್ಟಣ. ಒಂದು ನಿಕಾಹಕ್ಕೆ ಡಬ್ಬಿಯ ತುಂಬ ಬಿರಿಯಾನಿ ಬಂತು. ಮರುದಿನ ಡಬ್ಬಿ ವಾಪಸು ಕೇಳಿದರು. ಕ್ಯಾಮೆರಾದ ಕಂತಿಗೆ ಬ್ಯಾಂಕಿನವರು ಖಾರ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಕಡೆಗೊಮ್ಮೆ ರೇಟು ಗೊತ್ತುಮಾಡಲೇಬೇಕಾಯಿತು.

ಉಳಿದವರು ಎಷ್ಟು ತೆಗೆದುಕೊಳ್ಳುತ್ತಾರೆಂದು ತಿಳಿಯದೆ ನನ್ನದನ್ನು ಹೇಳುವುದು ಹೇಗೆ? ಗಿರಾಕಿಯಂತೆ ನಟಿಸಿ ಹಾನಗಲ್ಲಿನ ಒಬ್ಬ ಫೋಟೋಗ್ರಾಫರನಿಗೆ ಫೋನು ಮಾಡಿದೆ. ತಂಗಿಯ ಮದುವೆ ಇದೆ, ಏನು ರೇಟು ಎಂದೆ. ಆತ ಹೇಳಿದ. ಮನೆಯಲ್ಲಿ ಕೇಳಿ ತಿಳಿಸುತ್ತೇನೆಂದು ಇಟ್ಟೆ. ಕೆಲಸ ಮುಗಿಯಿತು ಎಂದುಕೊಂಡಿದ್ದು ನನ್ನ ಭ್ರಮೆ. ಮರುದಿನ ಬೆಳಿಗ್ಗೆ ಅವನೇ ಫೋನು ಮಾಡಿದ. "ಅಕ್ಕಾರ, ನಿಮಗಂತ ಸ್ವಲ್ಪ ಕಡಿಮಿ ಮಾಡೇನ್ರಿ." ಅದರ ಮರುದಿನ ಇನ್ನೂ ಸ್ವಲ್ಪ. ಆ ವಾರ ಮುಗಿಯುವುದರೊಳಗೆ ಡ್ರೋನು ಪುಕ್ಕಟೆ ಆಯಿತು, ಗೋಡೆಗೆ ಹಾಕುವ ದೊಡ್ಡ ಫೋಟೋ ಪುಕ್ಕಟೆ ಆಯಿತು. ಇಲ್ಲದ ತಂಗಿಯ ಮದುವೆಯನ್ನು ಎಷ್ಟು ದಿನ ನಡೆಸುವುದು? ಕೊನೆಗೆ ಮದುವೆ ಮುರಿಯಿತೆಂದು ಹೇಳಿಬಿಟ್ಟೆ.

ಆತ ಬಹಳ ಮೆತ್ತಗಿನ ದನಿಯಲ್ಲಿ, "ಚಿಂತಿ ಮಾಡಬ್ಯಾಡ್ರಿ. ತಂಗ್ಯಾರಿಗೆ ಇದಕ್ಕಿಂತ ಛಲೋ ವರ ಸಿಗತೈತಿ. ಸಿಕ್ಕ ಕೂಡ್ಲೆ ನನಗ ತಿಳಸ್ರಿ" ಎಂದ.

ಇಷ್ಟು ಮಾಡಿಯೂ ನನಗೆ ಗೊತ್ತಾದದ್ದು, ಹಾನಗಲ್ಲಿನಲ್ಲೂ ಯಾರಿಗೂ ರೇಟು ಗೊತ್ತಿಲ್ಲ ಎಂಬುದೊಂದೇ. ಕ್ಯಾಮೆರಾದ ಕಂತು, ಆಲ್ಬಮ್ ಮಾಡಿಸುವ ಖರ್ಚು, ಬಸ್ಸು, ನನ್ನ ಸೊಂಟನೋವು ಎಲ್ಲ ಕೂಡಿಸಿ, ಎರಡು ದಿನದ ಮದುವೆಗೆ ಇಪ್ಪತ್ತೈದು ಸಾವಿರ ಎಂದು ನಾನೇ ಗಟ್ಟಿಮಾಡಿಕೊಂಡೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಕನ್ನಡಿ ತಕರಾರು ತೆಗೆಯಲಿಲ್ಲ.

ಆ ಹೊತ್ತಿಗೆ ಶಿಗ್ಗಾಂವಿಯಿಂದ ಕರೆ ಬಂತು. ಅಲ್ಲಿನ ಒಬ್ಬ ಕಾಳಿನ ವ್ಯಾಪಾರಿಯ ಮಗಳ ಮದುವೆ. ಹೆಣ್ಣುಮಗಳೇ ಫೋಟೋ ತೆಗೆಯಬೇಕೆಂದು ಅವರ ಮನೆಯ ಅಜ್ಜಿ ಹಟ ಹಿಡಿದಿದ್ದರಂತೆ. ಮಾತಾಡಿ ಬರಲು ನಾನು ಹೊರಟಾಗ ಅಮ್ಮಿ ತಾನೂ ಬುರ್ಖಾ ಹಾಕಿಕೊಂಡು ಹೊರಟಳು. ನಾನು ಒಬ್ಬಳೇ ಹೋಗುವುದು ಅವಳಿಗೆ ಸೇರದು.

ಅಮ್ಮಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯ ಮಾತು ಉರ್ದು. ಆದರೆ ಸಂತೆಯಲ್ಲಿ ಕೊಸರಾಡಲು ಅಮ್ಮಿಗೆ ಕನ್ನಡವೇ ಬೇಕು, ಅದರಲ್ಲಿ ಆಡಿದರೆ ಮಾತಿಗೆ ಹಿಡಿತ ಬರುತ್ತದಂತೆ. ಅವಳು ಬರುವುದನ್ನು ಕಂಡರೆ ಬದನೆಕಾಯಿ ಮಾರುವವಳು ಮೊದಲೇ ಎರಡು ರೂಪಾಯಿ ಏರಿಸಿ ಕೂರುತ್ತಾಳೆ, ಇಳಿಸಲು ಜಾಗ ಬೇಕಲ್ಲ ಎಂದು.

ವ್ಯಾಪಾರಿ ಪಡಸಾಲೆಯಲ್ಲಿ ನಮ್ಮನ್ನು ಕೂರಿಸಿ ಚಹಾ ತರಿಸಿದರು. "ಹೇಳ್ರಿ, ಏನು ತಗೋತೀರಿ?" ಎಂದು ಕೇಳಿದರು.

"ಇಪ್ಪತ್ತೈದು ಸಾವಿರರಿ," ಎಂದೆ.

ಅವರು ಬಸಿಯಲ್ಲಿ ಚಹಾ ಹುಯ್ದುಕೊಂಡು ಊದತೊಡಗಿದರು. ನನಗೆ ಆ ಮೌನ ತಡೆಯಲಾಗಲಿಲ್ಲ. "ಆಲ್ಬಮ್ ಅದರಾಗ ಬಂತ್ರಿ," ಎಂದೆ. ಅವರು ಊದಿದರು. "ಪೆನ್‌ಡ್ರೈವೂ ನಂದರಿ." ಮತ್ತೆ ಊದಿದರು. "ಇಪ್ಪತ್ತೆರಡಕ್ಕಾದ್ರೂ ಆದೀತ್ರಿ," ಎಂದುಬಿಟ್ಟೆ.

ಅಷ್ಟರಲ್ಲಿ ಪಕ್ಕದಿಂದ ಅಚ್ಚ ಸಂತೆಯ ಕನ್ನಡ ಕೇಳಿಸಿತು. "ಇಪ್ಪತ್ತೆರಡು ಭಾಳ ಆತು ಬಿಡವಾ. ಇಪ್ಪತ್ತಕ್ಕ ಮಾಡು."

ತಿರುಗಿ ನೋಡಿದರೆ ಅಮ್ಮಿ. ಅವಳ ಕಣ್ಣು ಅರ್ಧ ಮುಚ್ಚಿತ್ತು. ಬದನೆಕಾಯಿಯವಳ ಮುಂದೆ ಕೂತಾಗಿನ ಮುಖವೇ ಅದು. ಯಾರೋ ಬೆಲೆ ಹೇಳುತ್ತಿದ್ದಾರೆ ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು, ಹೇಳುತ್ತಿರುವುದು ತನ್ನ ಮಗಳೆಂಬುದು ಬಿದ್ದಿರಲಿಲ್ಲ. ನಾನು ಮೊಣಕೈಯಿಂದ ತಿವಿದಮೇಲೆ ಎಚ್ಚರಾಗಿ, ಸೆರಗು ಸರಿಮಾಡಿಕೊಳ್ಳುವವಳಂತೆ ಬುರ್ಖಾದ ಅಂಚು ಎಳೆದುಕೊಂಡಳು.

ವ್ಯಾಪಾರಿ ಬಸಿ ಕೆಳಗಿಟ್ಟರು. "ತಂಗೀ, ನಾ ಇನ್ನಾ ಬಾಯಿ ತಗದಿಲ್ಲ," ಎಂದರು. "ಇಷ್ಟು ವರ್ಷ ಗೋವಿನಜ್ವಾಳದ ವ್ಯಾಪಾರ ಮಾಡಾಕತ್ತೇನಿ. ಹಿಂಗ ತಾವ ಇಳಿಯೋ ಮಂದೀನ್ನ ನೋಡಿಲ್ಲ. ಇನ್ನೊಂದು ತಾಸು ಕುಂತ್ರ ನೀವ ನನಗ ರೊಕ್ಕ ಕೊಟ್ಟು ಹೋಗ್ತೀರಿ."

ಒಳಗಿನ ಬಾಗಿಲಲ್ಲಿ ಯಾರೋ ನಕ್ಕರು. ಅವರೇ ಅಜ್ಜಿ, ವ್ಯಾಪಾರಿಯ ತಾಯಿ. ಬಂದು ನನ್ನೆದುರು ಕೂತು, "ಈಗ ನಾ ಮಾತಾಡ್ತೇನಿ," ಎಂದರು. "ನಮ್ಮ ಮೈದುನನ ಮೊಮ್ಮಗಳ ಮದವಿಯೊಳಗ ಫೋಟೋದಾಂವ ಗಂಡಸು. ಅರಿಶಿಣ ಹಚ್ಚುವಾಗ ಯಾರೂ ನಗಲಿಲ್ಲ, ಹಾಡಲಿಲ್ಲ. ಎಲ್ಲಾರೂ ಸೆರಗು ಜಗ್ಗಿಕೋತ ಕುಂತ್ರು. ಆಲ್ಬಮ್ ತುಂಬ ಬರೇ ಸೆರಗ ಅದಾವು. ಅದಕ್ಕ ನಿನ್ನ ಕರಿಸೇನಿ. ಮೊದಲು ಎಷ್ಟಂದಿ?"

"ಇಪ್ಪತ್ತೈದರಿ."

"ಅದ ನಿನ್ನ ರೇಟು. ಆಮ್ಯಾಲೆ ಅಂದದ್ದು ನಿನ್ನ ಅಂಜಿಕಿ. ಅದನ್ನ ನಾವೇನು ಮಾಡೂಣು?"

ವ್ಯಾಪಾರಿಗೆ ಇದು ನುಂಗಲಾರದ ತುತ್ತಾಯಿತು. ಇಪ್ಪತ್ತರವರೆಗೆ ತಾನಾಗಿಯೇ ಬಂದ ಮಾಲು ಕಣ್ಣೆದುರೇ ಮತ್ತೆ ಮೇಲೇರಿತ್ತು. ತಾಯಿಗೆ ಎದುರಾಡುವಂತಿಲ್ಲ. ಬರಿಗೈಯಲ್ಲಿ ವ್ಯವಹಾರ ಮುಗಿಸಿ ಏಳುವಂತೆಯೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಅಂಗಡಿ ಮುಂದ ನಿಂತು ನಂದೊಂದು ಫೋಟೋ, ದೊಡ್ಡದು," ಎಂದರು. ಒಪ್ಪಿಕೊಂಡೆ. ಅವರ ಮುಖ ಅರಳಿತು.

ಅರಿಶಿಣದ ದಿನ ನಾನು ಆ ಮನೆಯ ಹಿತ್ತಲಿನಲ್ಲಿ ಕಲ್ಲಿನ ಮೇಲೆ, ನೀರಿನ ಹಂಡೆಯ ಪಕ್ಕದಲ್ಲಿ, ಒಮ್ಮೆ ಸ್ಟೂಲಿನ ಮೇಲೆ, ಒಮ್ಮೆ ಮಂಡಿಯೂರಿ, ಬೆಳಗಿನಿಂದ ಮಧ್ಯಾಹ್ನ ದಾಟುವತನಕ ಫೋಟೋ ತೆಗೆದೆ. ಗಂಡಸರಿಲ್ಲದ್ದರಿಂದ ಯಾರಿಗೂ ಸೆರಗಿನ ನೆನಪಿರಲಿಲ್ಲ. ಮದುಮಗಳ ಸೋದರತ್ತೆ ಒಬ್ಬರು ಬೀಗರ ನಡಿಗೆಯನ್ನು ಅಣಕಿಸಿ ತೋರಿಸಿದಾಗ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು; ಬೆರಳಿನ ಅರಿಶಿಣ ರೆಪ್ಪೆಗೆಲ್ಲ ಹತ್ತಿತು. ನಾನು ತೆಗೆದ ಫೋಟೋಗಳಲ್ಲಿ ಇಂದಿಗೂ ನನಗೆ ಇಷ್ಟವಾದದ್ದು ಅದು. ಅಮ್ಮಿ ಮೊದಲು ಗೋಡೆಗೆ ಒರಗಿ ಕೂತಿದ್ದಳು. ಯಾರೋ ಅವಳ ಕೆನ್ನೆಗೂ ಅರಿಶಿಣ ಬಳಿದರು. ಆಮೇಲೆ ಅವಳು ಎದ್ದು ಬಂದು, ನಾನು ಕೇಳದಿದ್ದರೂ, ನನ್ನ ಚೀಲ ತನ್ನ ಹೆಗಲಿಗೆ ಹಾಕಿಕೊಂಡಳು. ನಾನು ಸ್ಟೂಲು ಹತ್ತಿದಾಗಲೆಲ್ಲ ಅದರ ಕಾಲು ಹಿಡಿದು ನಿಂತಳು.

ಮದುವೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಮ್ಮಿ, ಉರ್ದುವಿನಲ್ಲೇ, "ಇಪ್ಪತ್ತೈದು ಕಡಿಮೆಯಾಯಿತು," ಎಂದಳು.

"ಇಪ್ಪತ್ತಕ್ಕ ಮಾಡು ಅಂದಾಕಿ ನೀನ ಅಲ್ಲ?" ಎಂದು ನಾನು ಬೇಕೆಂದೇ ಕನ್ನಡದಲ್ಲಿ ಕೇಳಿದೆ.

"ಆಗ ನಾನು ಕೆಲಸ ನೋಡಿರಲಿಲ್ಲ," ಎಂದಳು. ನನ್ನ ಮಂಡಿಗೆ ಹತ್ತಿದ್ದ ಮಣ್ಣನ್ನು ತನ್ನ ಕರವಸ್ತ್ರದಿಂದ ಒರೆಸತೊಡಗಿದಳು. ಅದು ಹೋಗಲಿಲ್ಲ, ಆದರೂ ಸವಣೂರು ಬರುವವರೆಗೆ ಒರೆಸಿದಳು.

ಆ ಆಲ್ಬಮ್ ಹಿರೇಕೆರೂರಿನ ಬೀಗರ ಮನೆಗೂ ಹೋಯಿತು. ಅದನ್ನು ನೋಡಿದ ಹಂಸಭಾವಿಯ ಒಬ್ಬ ಹೆಣ್ಣುಮಗಳು ತೊಟ್ಟಿಲ ಕಾರ್ಯಕ್ಕೆಂದು ಫೋನು ಮಾಡಿದಳು. ರೇಟು ಹೇಳಿದೆ. ಆ ಕಡೆ ಮಾತು ನಿಂತಿತು. ನನ್ನ ನಾಲಿಗೆ ತುದಿಗೆ ಪೆನ್‌ಡ್ರೈವು ಬಂದಿತ್ತು, ತುಟಿ ಕಚ್ಚಿಕೊಂಡೆ. ಒಲೆಯ ಮೇಲಿನ ಹಾಲು ನೋಡಿ ಬಂದಳೋ ಏನೋ, "ಹಾ, ಎಲ್ಲಿದ್ವಿ? ಆತು ಬರ್ರಿ," ಎಂದಳು.

ಹಂಸಭಾವಿಗೆ ಹೋದಾಗ ಮನೆ ತುಂಬ ಮಂದಿ, ತೊಟ್ಟಿಲಿಗೆ ಹೂವು ಕಟ್ಟಿ ಆಗಿತ್ತು. ಕೂಸು ಮಾತ್ರ ಮಲಗಿತ್ತು. ಎಬ್ಬಿಸುವುದು ಬೇಡವೆಂದರು. ನಾನು, ಅಮ್ಮಿ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ಉಂಡಿ ತಿನ್ನುತ್ತ, ಅದು ಏಳುವುದನ್ನೇ ಕಾದೆವು.