ಕಮಲಕ್ಕನ ಬಾವಿ ಮತ್ತು ನನ್ನ ಪ್ರೋಗ್ರಾಮ್

ಕಳೆದ ವಾರ ಪ್ರೊಜೆಕ್ಟರಿನ ವಯರು ಹುಡುಕುತ್ತ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಹಳೆಯ ಕಪಾಟಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಸುರುಳಿ ತೆಂಗಿನ ನಾರಿನ ಹಗ್ಗ. ಅಡಿಗೊಂದು ಗಂಟು, ಐದು ಗಂಟಿಗೊಂದು ಕೆಂಪು ಬಟ್ಟೆಯ ಚೂರು, ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ತುಂಡು. ಮೂಗಿನ ಹತ್ತಿರ ಹಿಡಿದೆ. ಪಾಚಿಯ ವಾಸನೆ ಇನ್ನೂ ಉಳಿದಿತ್ತು. ಮೂಡುಬಿದಿರೆಯ ಪೇಟೆ ನಡುವಿನ ಕಾಲೇಜಿನಲ್ಲಿ ನಿಂತು ಬಾವಿಯ ವಾಸನೆ ಎಳೆದುಕೊಂಡು ಒಬ್ಬನೇ ನಗುತ್ತಿದ್ದ ನನ್ನನ್ನು ಕಂಡು, ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ ಅನುಷಾ ಒಂದು ಹೆಜ್ಜೆ ಹಿಂದೆ ಸರಿದಳು. ಪಾಪ, ಅವಳು ಕೇಳಲು ಬಂದದ್ದು ಸಣ್ಣ ಪ್ರಶ್ನೆ. "ಸರ್, ಪ್ರಾಜೆಕ್ಟಿನ ಲೆಕ್ಕಕ್ಕೆ ಎಕ್ಸೆಲ್ ಸಾಕಾ, ಪ್ರೋಗ್ರಾಮ್ ಬರೀಬೇಕಾ?"

ಈ ಪ್ರಶ್ನೆಗೆ ಒಂದು ಕಾಲದಲ್ಲಿ ನನ್ನ ಬಳಿ ಅರ್ಧ ವಾಕ್ಯದ ಉತ್ತರವಿತ್ತು. ಅದನ್ನು ಕಳೆದುಕೊಂಡದ್ದು ಇದೇ ಹಗ್ಗದಿಂದ. ಹೇಗೆಂದು ಹೇಳುತ್ತೇನೆ, ನೀವೂ ಸ್ವಲ್ಪ ಕೂತುಕೊಳ್ಳಿ.

ಹಗ್ಗ ವಾಸಂತಿ ಮೇಡಂ ಅವರದ್ದು. ಅವರು ಭೂಗೋಳ, ನಾನು ಭೌತಶಾಸ್ತ್ರ. ಸ್ಟಾಫ್ ರೂಮಿನಲ್ಲಿ ನಮ್ಮ ಮೇಜುಗಳು ಎದುರುಬದುರು. ನಿವೃತ್ತಿಗೆ ಎರಡು ವರ್ಷವಿರುವಾಗ ಪಿಎಚ್.ಡಿ. ಮುಗಿಸಲು ಹೊರಟಿದ್ದರು. ಬೇಸಗೆಯಲ್ಲಿ ನಮ್ಮ ಕಡೆಯ ಬಾವಿಗಳ ನೀರು ಎಷ್ಟು ಇಳಿಯುತ್ತದೆ ಎಂಬುದು ಅವರ ವಿಷಯ. ನರಿಕೊಂಬಿನ ಹೊಳೆ ಬದಿಯಿಂದ ನೆರಿಯದ ಕಾಡಿನಂಚಿನವರೆಗೆ ಭಾನುವಾರಗಳಲ್ಲಿ ಬಸ್ಸು ಹಿಡಿದು ಹೋಗಿ, ಕಂಡವರ ಬಾವಿಗೆ ಹಗ್ಗ ಇಳಿಸಿ, ಬಂದು ಎಕ್ಸೆಲ್ಲಿನಲ್ಲಿ ತುಂಬಿಸುತ್ತಿದ್ದರು. ಅವರು ಹೋಗಲಾಗದ ವಾರ ಮನೆಯವರೇ ಅಳೆದು ಫೋನಿನಲ್ಲಿ ಹೇಳುತ್ತಿದ್ದರು. ಆ ಹಾಳೆಯನ್ನು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಹಳದಿ, ಹಸಿರು, ಕಿತ್ತಳೆ ಚೌಕಗಳು. ಮದುವೆಮನೆಯಲ್ಲೂ ನಾನು ಅಷ್ಟು ಬಣ್ಣ ಕಂಡಿಲ್ಲ.

ಆ ವರ್ಷದ ಎಪ್ರಿಲಿನಲ್ಲಿ, ಸಲ್ಲಿಸಲು ಮೂರು ವಾರವಿರುವಾಗ ಅವರ ಮಾರ್ಗದರ್ಶಕರು ಪ್ರಬಂಧವನ್ನು ಹಿಂದೆ ಕಳಿಸಿದರು. ಸ್ಪ್ರೆಡ್‌ಶೀಟಿನ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುವುದು ಕಷ್ಟ, ಪ್ರೋಗ್ರಾಮ್ ಬರೆದು ಮತ್ತೊಮ್ಮೆ ಮಾಡಿ ಎಂದು. ಅವಧಿ ಆಗಲೇ ಎರಡು ಸಲ ವಿಸ್ತರಣೆಯಾಗಿತ್ತು, ಇನ್ನೊಮ್ಮೆ ಸಿಗುವಂತಿರಲಿಲ್ಲ.

"ಈ ಸಲ ಆಗದಿದ್ರೆ ಅಷ್ಟೂ ಬಾವಿ ನನ್ನ ಪಾಲಿಗೆ ಹಾಳುಬಾವಿಯೇ ಮಾರಾಯ್ರೆ," ಎಂದರು ವಾಸಂತಿ ಮೇಡಂ, ನಗುತ್ತಲೇ. ಕಣ್ಣು ಮಾತ್ರ ನಗುತ್ತಿರಲಿಲ್ಲ.

ನಾನು ಆಗಷ್ಟೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮನೆಗೆ ತರುವ ತರಕಾರಿಯ ತೂಕಕ್ಕೂ ಪ್ರೋಗ್ರಾಮ್ ಬರೆಯುವ ಉಮೇದು ನನಗೆ. "ಕೊಡಿ ಮೇಡಂ, ಎರಡು ದಿನದ ಕೆಲಸ," ಎಂದೆ.

"ಬಾವಿಗೆ ಹಗ್ಗ ಬಿಡುವವಳು ನಾನು. ನೀವು ಪೈಥಾನ್ ಅಂತ ಹೆಬ್ಬಾವು ಬಿಡ್ತೀರಿ," ಎಂದು ಅವರು ಫೈಲು ಕೊಟ್ಟರು.

ಬಣ್ಣಗಳನ್ನೆಲ್ಲ ಕಿತ್ತು ಬಿಸಾಡಿದೆ. ಪಕ್ಕದ ಕಾಲಂನಲ್ಲಿ ಅವರು ಬರೆದಿದ್ದ ಏನೇನೋ ಗುಣಾಕಾರಗಳು ಅಡ್ಡಾದಿಡ್ಡಿಯಾಗಿ ಕಂಡವು, ಅವನ್ನೂ ಬಿಟ್ಟೆ. ಮೂಲ ಅಂಕಿಯೇ ಪವಿತ್ರ ಎಂಬುದು ಆಗಿನ ನನ್ನ ವೇದಾಂತ. ಮೂವತ್ತು ಸಾಲಿನ ಪ್ರೋಗ್ರಾಮ್, ಒಂದು ಕ್ಷಣದಲ್ಲಿ ಉತ್ತರ, ನೋಡಿದರೆ ದೃಷ್ಟಿ ತಾಗಬೇಕು ಅಂಥ ನಕ್ಷೆ. ಮೇಡಂ ಕನ್ನಡಕ ಏರಿಸಿ ನೋಡಿದರು.

"ಕಲ್ಲಡ್ಕದ ಕಮಲಕ್ಕನ ಬಾವಿಯಲ್ಲಿ ಎಪ್ರಿಲಿನಲ್ಲಿ ಹತ್ತು ಅಡಿಗೆ ನೀರಾ?"

"ಪ್ರೋಗ್ರಾಮ್ ಸುಳ್ಳು ಹೇಳುವುದಿಲ್ಲ ಮೇಡಂ."

"ಹೇಳುವುದಿಲ್ಲ, ಸರಿ. ನಾಡಿದ್ದು ಭಾನುವಾರ. ಹೋಗಿ ಕಮಲಕ್ಕನ ಹತ್ರವೇ ಕೇಳುವ."

ಕಮಲಕ್ಕ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅವರ ಮನೆ ಗುಡ್ಡದ ಮೇಲೆ. ಹೋದವರಿಗೆ ಬೆಲ್ಲ ನೀರು ಕೊಟ್ಟು, ನೇರ ಬಾವಿಕಟ್ಟೆಗೆ ಕರೆದೊಯ್ದರು. ಹಗ್ಗ ಬಿಡುವ ಗೌರವ ನನಗೆ. ಹತ್ತನೆಯ ಗಂಟು ಕೈ ದಾಟಿತು, ನೀರಿಲ್ಲ. ಹದಿನೈದು. ಇಪ್ಪತ್ತು. ನನ್ನ ಬೆನ್ನ ಹಿಂದೆ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

"ಇನ್ನೂ ಬಿಡು ಮಗಾ, ಹೆದರಬೇಡ," ಎಂದರು ಕಮಲಕ್ಕ. ಇಪ್ಪತ್ತೈದರ ಬಟ್ಟೆಚೂರು ಕೈಗೆ ಬರುವಾಗ ಕೆಳಗೆ ಬುಳುಕ್ ಎಂದಿತು.

"ಆದರೆ ಹೋದ ಎಪ್ರಿಲಿನಲ್ಲಿ ನೀವು ಫೋನಿನಲ್ಲಿ ಹತ್ತು ಅಂದಿದ್ದೀರಲ್ಲ ಅಮ್ಮ?"

"ಹೌದು, ಹತ್ತು ಕೋಲು. ಬಾವಿಯನ್ನು ಯಾರಾದ್ರೂ ಅಡಿಯಲ್ಲಿ ಅಳೀತಾರಾ?"

ಕೋಲು ಎಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ನಮ್ಮ ಕಡೆ ಬಾವಿ ತೋಡುವವರ ಅಳತೆ ಅದು. ಹಿರಿಯರ ಬಾಯಲ್ಲಿ ಇನ್ನೂ ಅದೇ. ಫೋನಿನಲ್ಲಿ ಬಂದ ಕೋಲುಗಳಿಗೆಲ್ಲ ಮೇಡಂ ಹಳದಿ ಬಳಿದು, ಪಕ್ಕದ ಕಾಲಂನಲ್ಲಿ ಅಡಿಗೆ ಪರಿವರ್ತಿಸಿದ್ದರು. ನಾನು ಕಸವೆಂದು ಗುಡಿಸಿದ್ದು ಅದನ್ನೇ. ನನಗೆ ತುಂಬಾ ನಾಚಿಕೆಯಾಯಿತು. ಕಮಲಕ್ಕನಿಗೆ ಮಾತ್ರ ಕಾಲೇಜಿನ ಮಾಸ್ತರರೊಬ್ಬರಿಗೆ ಪಾಠ ಹೇಳಿದ ಖುಷಿ. ಒಂದು ಹಲಸಿನಕಾಯಿ ಹೊರಿಸಿಯೇ ಕಳಿಸಿದರು.

ಬಸ್ಸಿಗೆ ಕಾಯುತ್ತ ಹೋಟೆಲಿಗೆ ಹೊಕ್ಕೆವು. ಕಲ್ಲಡ್ಕದ ಚಾ ನಿಮಗೆ ಗೊತ್ತಿರಬಹುದು: ಒಂದೇ ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ನಿಂತಿರುತ್ತವೆ. ಮೇಡಂ ಚಮಚ ಹಾಕಿ ತಿರುಗಿಸುತ್ತ, "ಎರಡೂ ಇರಲಿ. ನೀವು ಪುನಃ ಬರೀರಿ, ನನ್ನದೂ ಇರ್ತದೆ. ತಾಳೆ ನೋಡುವ," ಎಂದರು.

ಈ ಸಲ ಯಾವ ಅಂಕಿ ಯಾವ ಅಳತೆಯದ್ದೆಂದು ಪಕ್ಕದಲ್ಲಿ ಬರೆಸಿಕೊಂಡು ಪ್ರೋಗ್ರಾಮ್ ಕಟ್ಟಿದೆ. ನೆರಿಯದ ಒಂದು ಬಾವಿ ಬಿಟ್ಟು ಎಲ್ಲವೂ ತಾಳೆಯಾಯಿತು. ತಪ್ಪು ನನ್ನದೇ ಇರಬೇಕೆಂದು ಅರ್ಧ ದಿನ ಹುಡುಕಿದೆ. ಪೆಟ್ಟು ತಿಂದವನಿಗೆ ವಿನಯ ಜಾಸ್ತಿ. ಕೊನೆಗೆ ಮೇಡಂ ತಮ್ಮ ಹಾಳೆಯನ್ನು ಕೆಳಕೆಳಗೆ ಸರಿಸಿ ನೋಡಿ ಒಂದು ಚೌಕದ ಮೇಲೆ ಬೆರಳಿಟ್ಟರು. ಸೂತ್ರವನ್ನು ಕೊನೆಯ ಸಾಲಿನವರೆಗೆ ಎಳೆದಿರಲಿಲ್ಲ. ಒಂದಿಡೀ ಬೇಸಗೆ ಸರಾಸರಿಯ ಹೊರಗೇ ಉಳಿದಿತ್ತು.

"ನೆರಿಯದ ಬಾವಿ ಬೇಸಗೆಯಲ್ಲೂ ಇಳಿಯುವುದಿಲ್ಲ ಅಂತ ಒಂದು ಪುಟ ಬರೆದಿದ್ದೇನಲ್ಲ ಮಾರಾಯ್ರೆ," ಎಂದರು. "ಇದು ಹಾಗೇ ಹೋಗಿದ್ರೆ?" ಆ ಪುಟದಲ್ಲೇ ಕ್ಯಾಂಟೀನಿನ ಬನ್ಸ್ ಕಟ್ಟಿಸಿ ತಂದು ಇಬ್ಬರೂ ತಿಂದೆವು. ಅಷ್ಟು ರುಚಿಯ ಬನ್ಸ್ ಆಮೇಲೆ ನನಗೆ ಸಿಕ್ಕಿಲ್ಲ.

ಪ್ರಬಂಧ ಕೊನೆಯ ದಿನಕ್ಕೆ ಮೊದಲೇ ಹೋಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಎಕ್ಸೆಲ್, ಪ್ರೋಗ್ರಾಮ್ ಎರಡರಲ್ಲಿ ನಿಮಗೆ ಯಾವುದರ ಮೇಲೆ ನಂಬಿಕೆ ಎಂದು ಕೇಳಿದರು. ಹಿಂದಿನ ಬೆಂಚಿನಿಂದ ನಾನು ಕತ್ತು ಚಾಚಿದೆ. "ಎರಡೂ ಒಂದೇ ಹೇಳಿದ್ರೆ ಎರಡರ ಮೇಲೂ ಸರ್," ಎಂದರು ಮೇಡಂ. "ಬೇರೆ ಬೇರೆ ಹೇಳಿದ್ರೆ ಹಗ್ಗದ ಮೇಲೆ." ಪರೀಕ್ಷಕರು ನಕ್ಕುಬಿಟ್ಟರು. ಡಾಕ್ಟರ್ ವಾಸಂತಿ ಈಗ ನಿವೃತ್ತರಾಗಿ ನರಿಕೊಂಬಿನಲ್ಲಿದ್ದಾರೆ. ಹಗ್ಗವನ್ನು ನನಗೆಂದೇ ಬಿಟ್ಟು ಹೋದದ್ದು; ನಾನು ಕಪಾಟಿಗೆ ತುರುಕಿ ಮರೆತಿದ್ದೆ.

ಅನುಷಾ ಇನ್ನೂ ನಿಂತೇ ಇದ್ದಳು. ಹಗ್ಗವನ್ನು ಮೇಜಿನ ಮೇಲಿಟ್ಟು ಅವಳ ಲ್ಯಾಪ್‌ಟಾಪ್ ತೆರೆಸಿದೆ. ಹೊಳೆನೀರಿನ ಉಷ್ಣತೆಯ ಅಂಕಿಗಳು, ವಾರದಿಂದ ವಾರಕ್ಕೆ. ನಡುವೆ ಒಂದು ವಾರದ ಮೂರು ಚೌಕ ಗುಲಾಬಿ ಬಣ್ಣ.

"ಇದು ಯಾಕೆ ಗುಲಾಬಿ?"

"ಅದು ಸುಮ್ನೆ ಸರ್. ಆ ವಾರ ನನಗೆ ಜ್ವರ. ಅಮ್ಮ ಹೋಗಿ ಅಳೆದು ಬಂದದ್ದು. ತೆಗೀಲಾ?"

"ತೆಗೀಬೇಡಿ. ಅಮ್ಮ ಹೇಗೆ ಅಳೆದ್ರು ಅಂತ ಕೇಳಿದ್ದೀರಾ?"

"ಇಲ್ಲ ಸರ್."

ಆಚೆ ತರಗತಿಯಲ್ಲಿ ಪ್ರೊಜೆಕ್ಟರಿಗೆ ಕಾದವರ ಗಲಾಟೆ ಏರುತ್ತಿತ್ತು. ನಾನು ಇನ್ನೊಂದು ಕುರ್ಚಿ ಎಳೆದೆ.

"ಕೂತುಕೊಳ್ಳಿ. ಅಮ್ಮನಿಗೊಂದು ಫೋನ್ ಮಾಡುವ. ಸ್ಪೀಕರ್ ಹಾಕಿ, ನನಗೂ ಕೇಳಬೇಕು."